ಅತ್ತಿಗೆಯ ಬೇರೆ ಒಲೆ

ಗಾಂಧಿ ಬಜಾರ್, ಶಿವಮೊಗ್ಗ
12 ಜೂನ್ 2024

ಬೀರಪ್ಪನಿಗೆ,

ಕೈಬರಹ ನೋಡಿದ ತಕ್ಷಣ ಯಾರೆಂದು ಗೊತ್ತಾಗಿರುತ್ತದೆ. ಹರಿದು ಬಿಸಾಡಬೇಡ ಮಾರಾಯ, ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ. ಫೋನ್ ಮಾಡೋಣ ಅಂದುಕೊಂಡಿದ್ದೆ. ಆದರೆ ಕಾರ್ಖಾನೆಯ ಫೋರ್ಜ್ ಷಾಪಿನಲ್ಲಿ ಕಬ್ಬಿಣ ಬಡಿದೂ ಬಡಿದೂ ನಿನ್ನ ಎರಡು ಕಿವಿಯೂ ಹೋಗಿವೆ, ಫೋನ್ ಎತ್ತಿದರೆ "ಯಾರು? ಯಾರು?" ಎಂದು ಕೂಗಿ ಇಟ್ಟುಬಿಡುತ್ತೀಯ ಎಂದು ನಿಮ್ಮ ಜನ್ನಾಪುರದಿಂದ ಸೀರೆಗೆ ಬಂದ ಹೆಂಗಸೊಬ್ಬರು ಹೇಳಿದರು. ನಿನ್ನ ಹೆಂಡತಿ ಸಣ್ಣಮ್ಮನಿಗೆ ಎದೆಯ ಆಪರೇಷನ್ ಆಯಿತೆಂದೂ ಅವರೇ ಹೇಳಿದ್ದು. ಅಷ್ಟು ದೊಡ್ಡ ಸಂಗತಿ ನನಗೆ ಗಿರಾಕಿಯ ಬಾಯಿಂದ ತಿಳಿಯಬೇಕಾಯಿತು. ಇರಲಿ.

ನಮ್ಮ ಕಾಶಮ್ಮ ಅತ್ತಿಗೆಗೂ ಅದೇ ಕಾಯಿಲೆಯಾಗಿದೆ. ಎದೆಯೊಳಗಿನ ಒಂದು ಕವಾಟ ಕಿರಿದಾಗಿ ಬಿಗಿದುಕೊಂಡಿದೆಯಂತೆ. ರಕ್ತ ಮುಂದೆ ಹೋಗಲು ಒದ್ದಾಡುತ್ತದೆ. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. "ಹೊಸ ವಾಲ್ವ್ ಹಾಕಿಸಬೇಕು, ದೀಪಾವಳಿ ತನಕ ಕಾಯಬೇಡಿ" ಎಂದರು ಡಾಕ್ಟರು. ಆಕೆ ನನಗೆ ಯಾರು ಎಂದು ನಿನಗೆ ಹೇಳಬೇಕಾಗಿಲ್ಲ. ಅವ್ವ ತೀರಿಕೊಂಡ ವರ್ಷವೇ ಅಣ್ಣನ ಮದುವೆಯಾಯಿತು, ನನಗೆ ಆಗ ಆರು. ಹದಿನಾಲ್ಕರ ಹುಡುಗಿ ಬಂದು ನನ್ನ ತಲೆ ಬಾಚಿದಳು, ನಿನಗೂ ಎಷ್ಟೋ ದಿನ ರೊಟ್ಟಿ ತಟ್ಟಿ ಹಾಕಿದಳು. ಅಣ್ಣ ಹೋದ, ಆಮೇಲೆ ನನ್ನ ಹೆಂಡತಿಯೂ ಹೋದಳು. ಈ ಮನೆಯ ಒಲೆ ಮಾತ್ರ ಒಂದು ದಿನವೂ ಆರಲಿಲ್ಲ. ಅಂಥವಳು ಈಗ ಹಿಟ್ಟು ಕಲಸಿ ಏದುಸಿರು ಬಿಡುತ್ತಾಳೆ. ನನಗೆ ಭಯವಾಗುತ್ತಿದೆ ಬೀರಪ್ಪ.

ದುಡ್ಡಿನ ಯೋಚನೆ ನನಗಿರಲಿಲ್ಲ. ಮಗ ಪ್ರಸನ್ನಕುಮಾರ ಖಾಸಗಿ ಕಂಪನಿಯ ಆರೋಗ್ಯ ಪಾಲಿಸಿ ಮಾಡಿಸಿದ್ದಾನೆ, 'ಇಡೀ ಕುಟುಂಬಕ್ಕೆ'. ಸೊಸೆ ಶೀತಲ್‌ಗೆ ಹೆರಿಗೆ ಕಷ್ಟವಾದಾಗ ಆ ಕಂಪನಿ ಒಂದು ಮಾತೂ ಆಡದೆ ಬಿಲ್ ಕಟ್ಟಿತ್ತು. ಆ ಧೈರ್ಯದಿಂದಲೇ ಕೌಂಟರಿನಲ್ಲಿ ಕಾರ್ಡ್ ಕೊಟ್ಟೆ. ಅಲ್ಲಿನ ಹುಡುಗಿ ನೋಡಿದಳು, ಮತ್ತೆ ನೋಡಿದಳು. "ಸರ್, ಇದರಲ್ಲಿ ನಾಲ್ಕೇ ಹೆಸರಿದೆ. ಇವರ ಹೆಸರಿಲ್ಲ." ಪ್ರಸನ್ನ, ಶೀತಲ್, ಮೊಮ್ಮಗಳು ಅಕ್ಷರಾ, ನಾನು. ಅಷ್ಟೇ! ಏಜೆಂಟ್ ರುದ್ರೇಶ್‌ನ ಕೇಳಿದರೆ, ಕಂಪನಿಯವರ ಲೆಕ್ಕದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ. ದೊಡ್ಡಮ್ಮ ಎಂಬ ಸಂಬಂಧಕ್ಕೆ ಅಲ್ಲಿ ಜಾಗವಿಲ್ಲ. ಆಕೆಗೆ ಬೇರೆಯದೇ ಪಾಲಿಸಿ ಮಾಡಿಸಿ ಎಂದು ಅವನು ಆಗಲೇ ಹೇಳಿದ್ದನಂತೆ. ಪ್ರಸನ್ನನೇ ನೋಡೋಣ ಎಂದು ಬಿಟ್ಟ. ಈಗ ಮಾಡಿಸಿದರೂ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು.

ಪ್ರಸನ್ನ ಕೂತು ಅತ್ತ. ಅತ್ತಿಗೆ ಅವನ ತಲೆ ಸವರಿ, "ಹೋಗ್ಲಿ ಬಿಡೋ, ಅವ್ರ ಹತ್ರ ಜಾಗ ಇರ್ಲಿಲ್ಲ, ನೀನೇನ್ ಮಾಡ್ತೀಯ" ಎಂದಳು. ನನಗೆ ಆ ಮಾತು ತಡೆಯಲಾಗಲಿಲ್ಲ.

ಆಕೆಗೆ ಇರುವುದು ಒಂದೇ ಪ್ರಶ್ನೆ, ಅದನ್ನು ಸಣ್ಣಮ್ಮನಿಗೆ ಕೇಳಿ ತಿಳಿಸು. ಆಪರೇಷನ್ನಿನಲ್ಲಿ ಹೃದಯವನ್ನೇ ನಿಲ್ಲಿಸುತ್ತಾರಂತೆ. "ಅಷ್ಟೊತ್ತು ನಾನು ಎಲ್ಲಿರ್ತೀನಿ?" ಎಂದು ಕೇಳುತ್ತಿದ್ದಾಳೆ.

ಉತ್ತರ ಬರುತ್ತದೆಂದು ನಂಬಿರುವ,
ಕೊಟ್ರಬಸಪ್ಪ


ಜನ್ನಾಪುರ, ಭದ್ರಾವತಿ
21 ಜೂನ್ 2024

ಕೊಟ್ರಬಸಪ್ಪ ಸಾಹುಕಾರರಿಗೆ,

ಹರಿಯಲಿಲ್ಲ. ಸಣ್ಣಮ್ಮ ಕೈಯಿಂದ ಕಿತ್ತುಕೊಂಡಳು, ಇಲ್ಲದಿದ್ದರೆ ಹರಿಯುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ನಿನ್ನ ಅಂಗಡಿಗೆ ಒಂದು ಮನವಿ ಹಿಡಿದು ಬಂದಿದ್ದೆ, ನೆನಪಿದೆಯಾ? ಗುತ್ತಿಗೆ ಮುಗಿದು ಮನೆಗೆ ಹೋದ ಕೆಲಸಗಾರರಿಗೂ ಸರ್ಕಾರ ಚಿಕಿತ್ಸೆ ಕೊಡಿಸಲಿ ಎಂದು. ಸಹಿ ಹಾಕು ಅಂದೆ. ಗಿರಾಕಿಗಳ ಎದುರಿಗೆ ನೀನು, "ಅವರವರ ಮನೆ ಅವರವರು ನೋಡ್ಕೊಳ್ಲಿ. ಊರೋರ ಕಾಯಿಲೆಗೆಲ್ಲ ನಾನ್ಯಾಕಪ್ಪ ಕೊಡ್ಲಿ?" ಅಂದೆ. ಆಗ ನನಗೆ ಇನ್ನೂ ಕಿವಿ ಕೇಳಿಸುತ್ತಿತ್ತು. ಅದಕ್ಕೇ ಬರಲಿಲ್ಲ, ಹೇಳಿಕಳಿಸಲೂ ಇಲ್ಲ.

ಕಾಶಮ್ಮಕ್ಕನ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ಅವಳ ರೊಟ್ಟಿಯ ಋಣ ನನ್ನ ಮೇಲೂ ಇದೆ.

ಸಣ್ಣಮ್ಮನನ್ನು ಕೇಳಿದೆ. "ಎಲ್ಲೂ ಹೋಗಿರಲ್ಲ ಅಂತ ಹೇಳ್ರೀ. ಮಲಗ್ದೆ, ಎದ್ದೆ. ಎದ್ದ ತಕ್ಷಣ ನೀರು ಕೇಳ್ದೆ, ಒಂದ್ ಹನಿ ಕೊಡ್ಲಿಲ್ಲ ಆ ಪುಣ್ಯಾತ್ಗಿತ್ತಿ ನರ್ಸು! ಅದೊಂದೇ ನೆನಪಿರೋದು" ಅಂದಳು. ಅವಳಿಗೆ ಅಷ್ಟೇ. ಹೊರಗೆ ಕೂತಿದ್ದ ನನಗೆ ಅಷ್ಟೇ ಅಲ್ಲ.

ಕೇಳು. ನಮ್ಮ ಕಾರ್ಖಾನೆಯಲ್ಲಿ ಅದಿರು ಕರಗಿಸುವ ದೊಡ್ಡ ಕುಲುಮೆಯನ್ನು ಹಬ್ಬಕ್ಕೂ ಆರಿಸುತ್ತಿರಲಿಲ್ಲ. ಒಮ್ಮೆ ಆರಲು ಬಿಟ್ಟರೆ ಒಳಗಿರುವುದೆಲ್ಲ ಗಡ್ಡೆ ಕಟ್ಟುತ್ತದೆ. ಮತ್ತೆ ಹೊತ್ತಿಸಲು ನೂರಾರು ಜನ ವಾರಗಟ್ಟಲೆ ಹೆಣಗಬೇಕು, ಆದರೂ ಹೊತ್ತುತ್ತದೆಂಬ ನೆಚ್ಚಿಕೆ ಇಲ್ಲ. ಅದನ್ನು ಕಂಡವನು ನಾನು. ಇವರು ನನ್ನ ಹೆಂಡತಿಯ ಹೃದಯವನ್ನು ತಣ್ಣಗೆ ಮಾಡಿ ಆರಿಸಿದರಂತೆ. ಬಿಚ್ಚಿದರು, ಹಳೆಯದನ್ನು ಕತ್ತರಿಸಿ ಹೊಸದನ್ನು ಹೊಲಿದರು, ಮುಚ್ಚಿದರು, ಮತ್ತೆ ಹೊತ್ತಿಸಿದರು. ಹೊತ್ತಿತು ಮಾರಾಯ! ಡಾಕ್ಟರು ಹೊರಗೆ ಬಂದು ಕೈಸನ್ನೆಯಲ್ಲಿ ಹೇಳಿದಾಗ ನಾನು ಅವರ ಕಾಲು ಹಿಡಿಯಲು ಹೋದೆ. ಆ ಮನುಷ್ಯ ನನಗಿಂತ ಚಿಕ್ಕವರು, ಹೆದರಿ ಹಿಂದೆ ಸರಿದರು.

ನಮ್ಮದು ಬಿಪಿಎಲ್ ಕಾರ್ಡು. ಮೊದಲು ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದೆವು, ಅಲ್ಲಿಂದ ಬರೆಸಿಕೊಂಡು ಸರ್ಕಾರದ ಪಟ್ಟಿಯಲ್ಲಿದ್ದ ನಿಮ್ಮೂರಿನ ಒಂದು ಖಾಸಗಿ ಆಸ್ಪತ್ರೆಗೆ. ಮನೆಗೆ ಹೊರಡುವ ದಿನ ಕೌಂಟರಿನ ಮುಂದೆ ನಿಂತೇ ಇದ್ದೆ. ಹುಡುಗಿ ಹೋಗಿ ಎಂದು ಕೈ ಮಾಡಿದಳು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೆ ನಿಂತೆ. ಅವಳು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ, "ಏನೂ ಕೊಡಬೇಕಾಗಿಲ್ಲ ಅಂಕಲ್" ಎಂದು ಬರೆದು ತೋರಿಸಿದಳು. ಬಸ್ಸಿನಲ್ಲಿ ಕೂತು, ಹಾಗಾದರೆ ಕೊಟ್ಟವರು ಯಾರು ಎಂದು ಯೋಚಿಸಿದೆ. ಮುಂದಿನ ಸೀಟಿನವನು, ಕಡಲೆಕಾಯಿ ಮಾರುವವಳು, ಕಂಡಕ್ಟರ್, ಬೆಂಕಿಪೊಟ್ಟಣ ಕೊಂಡವರು, ಸೋಪು ಕೊಂಡವರು. ಒಬ್ಬೊಬ್ಬರ ಮುಖ ನೋಡಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ನಿನ್ನ ನೆನಪಾಯಿತು. ಪ್ರತಿ ಸೀರೆಗೂ ತೆರಿಗೆ ಕಟ್ಟುತ್ತೀಯ, ಕಟ್ಟುವಾಗಲೆಲ್ಲ ಬೈಯುತ್ತೀಯ. ಊರಿನವರ ಕಾಯಿಲೆಗೆ ಯಾಕೆ ಕೊಡಲಿ ಅಂದವನು ಸಣ್ಣಮ್ಮನ ಎದೆಗೆ ಕೊಟ್ಟಿದ್ದೀಯ. ಬಸ್ಸಿನಲ್ಲಿ ನಾನು ನಕ್ಕಿದ್ದು ನೋಡಿ ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ನಿಮ್ಮದು ಎಪಿಎಲ್ ಇರಬೇಕು. ಅದಕ್ಕೂ ಸರ್ಕಾರ ಖರ್ಚಿನ ಒಂದು ಪಾಲು ಕೊಡುತ್ತದೆ ಎನ್ನುತ್ತಾರೆ, ವಿಚಾರಿಸು. ತಡಮಾಡಬೇಡ.

ಕಿವುಡ, ಆದರೆ ಮರೆವಿನವನಲ್ಲ,
ಬೀರಪ್ಪ


ಗಾಂಧಿ ಬಜಾರ್, ಶಿವಮೊಗ್ಗ
18 ಜುಲೈ 2024

ಬೀರಪ್ಪ,

ನಿನ್ನ ಕಾಗದವನ್ನು ಶೀತಲ್ ಓದಿದಳು, ಅತ್ತಿಗೆ ಕೇಳಿದಳು. ನೀರಿನ ಮಾತಿಗೆ ಮನಸಾರೆ ನಕ್ಕಳು. ಕುಲುಮೆಯ ಮಾತಿಗೆ ಕತ್ತಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. "ಆರ್ಸಿ ಹೊತ್ತಿಸ್ತಾರಂತೆ! ಎಂಥ ಕೈ ಇರ್ಬೇಕು ಅವ್ರದ್ದು" ಎಂದಳು. ಅವತ್ತಿನಿಂದ ಅವಳ ಮುಖದಲ್ಲಿ ಭಯ ಕಡಿಮೆಯಾಗಿದೆ. ಅದನ್ನು ಮಾಡಿದ್ದು ನೀನು.

ಆದರೆ ಇಲ್ಲಿ ನಾವು ಬೇರೊಂದು ಎಡವಟ್ಟು ಮಾಡಿಕೊಂಡು ಕೂತಿದ್ದೇವೆ. ಬೈಯಬೇಡ.

ಒಂದು ಪಾಲಿನ ವಿಷಯ ವಿಚಾರಿಸಿದೆ, ನಿಜ. ಮೂರರಲ್ಲಿ ಒಂದಕ್ಕಿಂತ ತುಸು ಕಡಿಮೆ ಬರುತ್ತದಂತೆ. ಪ್ರಸನ್ನನಿಗೆ ಯಾರೋ, "ಪಾಲು ಯಾಕ್ರೀ, ಪೂರ್ತಿ ಸಿಗೋ ಹಾಗೆ ಮಾಡ್ಬಹುದು" ಎಂದು ಕಿವಿಯೂದಿದರು. ವಿಧವೆ, ಒಂಟಿ, ಬೇರೆ ಒಲೆ ಎಂದು ಅರ್ಜಿ ಹಾಕಿದರೆ ಅತ್ತಿಗೆ ಒಬ್ಬಳ ಹೆಸರಿಗೆ ಬಿಪಿಎಲ್ ಕಾರ್ಡ್ ಆಗುತ್ತದೆ, ಕಾಯಿಲೆ ಇದ್ದವರಿಗೆ ಬೇಗ ಕೊಡುತ್ತಾರೆ, ಆಹಾರ ಇಲಾಖೆಯವರು ಬಂದು ಒಲೆ ಬೇರೆ ಇದೆಯಾ ಎಂದು ನೋಡಿ ಹೋಗುತ್ತಾರೆ, ಅಷ್ಟೇ. ನಾನೂ ಹೂಂ ಅಂದೆ. ಸುತ್ತಮುತ್ತ ಎಷ್ಟು ಮನೆಯವರು ಹಾಗೆ ಕಾರ್ಡ್ ಬೇರೆ ಮಾಡಿಸಿ ಒಂದೇ ಪಾತ್ರೆಯಲ್ಲಿ ಉಣ್ಣುತ್ತಿಲ್ಲ! ಹಿತ್ತಲ ಕಡೆಯ ಕೋಣೆ ಖಾಲಿ ಮಾಡಿಸಿ, ಸಣ್ಣ ಸಿಲಿಂಡರು, ಒಂದು ಬರ್ನರಿನ ಒಲೆ, ನಾಲ್ಕು ಪಾತ್ರೆ ಇಡಿಸಿದೆವು. ತೋರಿಸುವುದಕ್ಕೆ ಸಾಕಲ್ಲವೆ?

ಅತ್ತಿಗೆ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದಳು. ಮಾರನೆಯ ದಿನ ಸೋಮವಾರ. ಸ್ನಾನ ಮಾಡಿ, ಹೊಸ ಒಲೆಗೆ ವಿಭೂತಿ ಹಚ್ಚಿ, ಹಾಲಿಟ್ಟು ಉಕ್ಕಿಸಿದಳು. ನಾವೆಲ್ಲ ಅಯ್ಯೋ, ಇದೇನಿದು ಎಂದು ಓಡಿಹೋದೆವು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.

"ದೊಡ್ಡಮ್ಮ, ಇದು ಸುಮ್ನೆ ತೋರ್ಸೋಕೆ ಕಣಮ್ಮ" ಎಂದ ಪ್ರಸನ್ನ.

"ಒಲೆ ಹೂಡಿ ಹಾಲುಕ್ಕಿಸ್ದೆ ಇರೋಕಾಗುತ್ತೇನೋ? ಹಾಲುಕ್ಕಿಸಿದ್ ಮೇಲೆ ಅದು ಸುಮ್ನೆ ಹ್ಯಾಗಾಗುತ್ತೆ? ನಾನು ಬೇರೆ ಅಂತ ಸರ್ಕಾರಕ್ಕೆ ಹೇಳ್ತಿದ್ದೀರಿ. ಹೇಳಿದ್ ಮೇಲೆ ಹಾಗೇ ಇರ್ಬೇಕು."

ಅವತ್ತಿನಿಂದ ಆಕೆ ನಮ್ಮ ಅಡುಗೆಮನೆಯ ಒಂದು ತುತ್ತು ಮುಟ್ಟಿಲ್ಲ. ಹಾಸಿಗೆಯನ್ನೂ ಆ ಕೋಣೆಗೆ ಸಾಗಿಸಿಕೊಂಡಳು. ಕೋಪವಿಲ್ಲ, ಮುನಿಸಿಲ್ಲ, ನಗುನಗುತ್ತಲೇ ಇದ್ದಾಳೆ, ಅದೇ ನನಗೆ ತಡೆಯಲಾಗದು. ಒಬ್ಬಳಿಗೇ ಒಂದು ಹಿಡಿ ಅಕ್ಕಿ ತೊಳೆಯುತ್ತಾಳೆ. ಇಷ್ಟು ವರ್ಷ ಹತ್ತು ಜನಕ್ಕೆ ಅಳೆದ ಕೈ, ಒಂದು ಹಿಡಿಯ ಅಂದಾಜು ಸಿಗದೆ ಪ್ರತಿದಿನ ಹೆಚ್ಚಾಗಿಸುತ್ತಾಳೆ. ಶೀತಲ್ ಚೆನ್ನಾಗಿಯೇ ಅಡುಗೆ ಮಾಡುತ್ತಾಳೆ, ತಪ್ಪು ಹೇಳಬಾರದು. ಆದರೆ ನನ್ನ ತಟ್ಟೆಯಲ್ಲಿರುವುದು ಯಾರ ಮನೆಯ ಊಟ ಎಂದು ನನಗೇ ಗೊತ್ತಾಗುತ್ತಿಲ್ಲ. ಕಂಪನಿಯವರು ಆಕೆ ನಮ್ಮವಳಲ್ಲ ಎಂದರು, ಅದಕ್ಕೆ ನಾನು ಎಷ್ಟು ಕೂಗಾಡಿದೆ! ಈಗ ಅದನ್ನೇ ನಾನು ಅರ್ಜಿಯಲ್ಲಿ ಬರೆದುಕೊಟ್ಟಿದ್ದೇನೆ.

ಏನು ಮಾಡಲಿ, ಹೇಳು.

ಕೊಟ್ರಬಸಪ್ಪ


ಜನ್ನಾಪುರ, ಭದ್ರಾವತಿ
29 ಜುಲೈ 2024

ಕೊಟ್ರ,

ಬೈಯಬೇಡ ಅಂದಿದ್ದೀಯ. ಬೈಯದೆ ಬರೆಯಲು ಒಂದು ವಾರ ಬೇಕಾಯಿತು.

ನಿಮ್ಮನ್ನು ನೋಡಿ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಬಡವರ ಕಾರ್ಡಿಗೆ ಬಟ್ಟೆ ಅಂಗಡಿಯವರು ಸಾಲು ನಿಂತರೆ ನಮ್ಮಂಥವರು ಎಲ್ಲಿಗೆ ಹೋಗಬೇಕೋ? ಆದರೆ ಕಾಶಮ್ಮಕ್ಕನಿಗಾಗಿ ನಾನೇ ಆಗಿದ್ದರೂ ಸುಳ್ಳು ಹೇಳುತ್ತಿದ್ದೆ. ಇನ್ನೊಂದು ಒಲೆ ಬೇಕಾದರೂ ಹೂಡುತ್ತಿದ್ದೆ. ಆದ್ದರಿಂದ ನಿನಗೆ ಏನು ಮಾಡು ಎಂದು ಹೇಳುವ ಯೋಗ್ಯತೆ ನನಗಿಲ್ಲ. ಒಂದೇ ಮಾತು, ಒಲೆಯ ಜಗಳದಲ್ಲಿ ದಿನ ಕಳೆಯಬೇಡ. ಒಳಗಿನ ಕವಾಟ ನಿಮ್ಮ ಅರ್ಜಿಗೆ ಕಾಯುವುದಿಲ್ಲ.

ಬೇರೆ ಏನೋ ಹೇಳಬೇಕೆನಿಸಿದೆ. ಮಧ್ಯಾಹ್ನ ಊಟವಾದ ಮೇಲೆ ಸಣ್ಣಮ್ಮ ಒರಗುತ್ತಾಳೆ. ನಾನು ಪಕ್ಕದಲ್ಲಿ ಕೂತು ಅವಳ ಎದೆಯ ಮೇಲೆ ಅಂಗೈ ಇಡುತ್ತೇನೆ. ಮೊದಲು ನಾಚುತ್ತಿದ್ದಳು, ಈಗ ರೂಢಿಯಾಗಿದೆ. ಕೈಗೆ ಸಿಗುತ್ತದೆ, ಟಕ್, ಟಕ್. ಸುತ್ತಿಗೆಯ ಏಟು ನೆಲದಿಂದ ಕಾಲಿಗೆ ಬರುತ್ತಿತ್ತಲ್ಲ, ಅದರ ಮರಿಯ ಮರಿ. ಆ ಹೊಸ ವಾಲ್ವ್ ಕಬ್ಬಿಣವೂ ಅಲ್ಲವಂತೆ, ಇಂಗಾಲದಿಂದ ಮಾಡಿದ್ದಂತೆ, ಎರಡು ಪುಟ್ಟ ರೆಕ್ಕೆಗಳು ತೆರೆದು ಮುಚ್ಚುತ್ತವಂತೆ. ನಮ್ಮ ಷಾಪಿನಲ್ಲಿ ಬೆಟ್ಟದಂಥ ಉಕ್ಕು ಕಾಯಿಸಿ ಬಡಿದೆ, ಮನುಷ್ಯರು ಇಷ್ಟು ಸಣ್ಣದನ್ನೂ ಮಾಡುತ್ತಾರೆಂದು ಗೊತ್ತಿರಲಿಲ್ಲ. ಯಾವ ಊರಿನ ಯಾವ ಕೆಲಸಗಾರ ಮಾಡಿದನೋ! ಅವನಿಗೆ ಒಂದು ಕೈ ಮುಗಿಯಬೇಕು.

ಒಂದು ಆಸೆ ಮಾತ್ರ ಉಳಿದಿದೆ. ಅದರ ಸದ್ದು ಹೊರಗೂ ಕೇಳಿಸುತ್ತದಂತೆ. ಮನೆ ಸುಮ್ಮನಿದ್ದಾಗ ಪಕ್ಕ ಕೂತವರಿಗೆ ಕೇಳಿಸುತ್ತದಂತೆ. ಎಲ್ಲರೂ "ಗಡಿಯಾರದ ಹಾಗೆ" ಎನ್ನುತ್ತಾರೆ. ಯಾವ ಗಡಿಯಾರ? ಗೋಡೆಯದಾ, ಕೈಯದಾ? ಸರಿಯಾಗಿ ಹೇಳುವವರು ಒಬ್ಬರೂ ಸಿಕ್ಕಿಲ್ಲ. ಹೆಂಡತಿಯ ಹೃದಯದ ಸದ್ದು ಊರಿಗೆಲ್ಲ ಕೇಳಿಸುತ್ತದೆ, ನನಗೊಬ್ಬನಿಗೆ ಇಲ್ಲ, ನೋಡು ನನ್ನ ಹಣೆಬರಹ.

ಇಂತಿ,
ಬೀರಪ್ಪ


ಗಾಂಧಿ ಬಜಾರ್, ಶಿವಮೊಗ್ಗ
2 ಸೆಪ್ಟೆಂಬರ್ 2024

ಬೀರ,

ಅರ್ಜಿ ಬಿದ್ದುಹೋಯಿತು. ಹೇಗೆಂದು ಹೇಳಿದರೆ ನೀನು ಹೊಟ್ಟೆ ಹಿಡಿದು ನಗುತ್ತೀಯ.

ಮೊದಲು ಅಕ್ಷರಾ ದೊಡ್ಡಜ್ಜಿಯ ಕೋಣೆಗೆ ತಟ್ಟೆ ತೆಗೆದುಕೊಂಡು ಹೋದಳು. ಆರು ವರ್ಷದ ಮಗುವಿಗೆ ಯಾವ ಕಾರ್ಡು, ಯಾವ ಒಲೆ? ಅತ್ತಿಗೆಗೂ ಹೆಚ್ಚಾದ ಅನ್ನಕ್ಕೆ ದಾರಿ ಸಿಕ್ಕಿತು. ಆಮೇಲೆ ಶೀತಲ್ ಮಗಳನ್ನು ಕರೆಯಲು ಹೋಗಿ ಅಲ್ಲೇ ಕಾಫಿ ಕುಡಿದಳು. ಪ್ರಸನ್ನ "ಮಾತ್ರೆ ತಗೊಂಡ್ರಾ ದೊಡ್ಡಮ್ಮ?" ಎಂದು ಕೇಳಲು ಹೋದವನು ಬಾಯಿ ಒರೆಸಿಕೊಂಡು ಬಂದ. ನಾನು ನಾಲ್ಕು ದಿನ ಬಿಗುಮಾನದಿಂದ ಇದ್ದೆ. ಐದನೆಯ ದಿನ ಎಣ್ಣೆಗಾಯಿಯ ವಾಸನೆ ಬಂತು, ಹೋಗಿ ಬಾಗಿಲಲ್ಲಿ ನಿಂತೆ. "ಬಾರೋ, ನಿಂತ್ಕೊಂಡಿದ್ದೀಯಲ್ಲ ನೆಂಟನ ಹಾಗೆ" ಎಂದಳು. ಕೂತೆ. ದೊಡ್ಡ ಅಡುಗೆಮನೆ ಖಾಲಿ, ಹತ್ತು ಅಡಿಯ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ನಾವೆಲ್ಲ. ಪಾತ್ರೆ ಎತ್ತುವುದು, ರುಬ್ಬುವುದು ಶೀತಲ್, ರೊಟ್ಟಿ ಮಾತ್ರ ಕೂತಲ್ಲೇ ಅತ್ತಿಗೆ.

ಆಹಾರ ಇಲಾಖೆಯಿಂದ ಹಾಲೇಶ್ ಎಂಬ ಇನ್ಸ್‌ಪೆಕ್ಟರ್ ಬಂದದ್ದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಅಂಗಡಿಯಲ್ಲಿ ಯಾರೂ ಇಲ್ಲವೆಂದು ಒಳಗೇ ಬಂದರು. ಸಾಲಾಗಿ ಕೂತಿದ್ದೇವೆ, ನನ್ನ ಬಾಯಲ್ಲಿ ತುತ್ತು.

"ಕಾಶಮ್ಮ ಅಂದ್ರೆ ನೀವೇನಮ್ಮ? ಬೇರೆ ಇದ್ದೀರಾ?"

"ಬೇರೆ ಇದ್ದೀನಪ್ಪ. ಹಾಲುಕ್ಕಿಸಿದ್ದೀನಿ."

"ಮತ್ತೆ ಇವರೆಲ್ಲ?"

"ಇವ್ರು ಊಟಕ್ಕೆ ಬರ್ತಾರೆ."

"ದಿನಾನಾ?"

"ದಿನಾ."

"ಎಷ್ಟು ದಿನದಿಂದಮ್ಮ?"

ಅತ್ತಿಗೆ ರೊಟ್ಟಿ ಮಗುಚಿ ಹಾಕಿ ಯೋಚಿಸಿದಳು. "ನಾನು ಈ ಮನೆಗೆ ಮದುವೆಯಾಗಿ ಬಂದಾಗಿಂದ" ಎಂದಳು.

ಆ ಮನುಷ್ಯ ನಮ್ಮನ್ನು ನೋಡಿದರು, ಒಲೆ ನೋಡಿದರು, ನಗು ತಡೆಯಲಾರದೆ ಹೊರಗೆ ಹೋಗಿ ನಕ್ಕು ಒಳಗೆ ಬಂದರು. "ಯಜಮಾನ್ರೇ, ಇಲ್ಲಿ ಒಲೆ ಬೇರೆ ಆಗಿಲ್ಲ ಬಿಡಿ. ಆಗೋದೂ ಇಲ್ಲ. ನಾನು ಹ್ಯಾಗೆ ಬರೀಲಿ?" ಎಂದರು. ನನಗೆ ನಾಚಿಕೆಯಾಯಿತು. ಆದರೆ ಬೀರ, ನಾಚಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಕಂಪನಿಯ ಪಟ್ಟಿಯಲ್ಲಿ ಕಾಣದ ಸಂಬಂಧ ಇವರಿಗೆ ತಟ್ಟೆ ನೋಡಿ ಕಾಣಿಸಿತು. ಅವರು ಹೊರಟ ಮೇಲೆ ನಾನು ಅತ್ತಿಗೆಯ ಕೋಣೆಯ ಹಾಸಿಗೆ ಸುತ್ತಿ ಹೆಗಲ ಮೇಲೆ ಹೊತ್ತು ತಂದು ಅವಳ ಹಳೆಯ ಜಾಗದಲ್ಲಿ ಹಾಸಿದೆ. ಆಕೆ ಬಂದು ಅದರ ಮೇಲೆ ಮಲಗಿದಳು.

ನಮ್ಮ ಹಳೆಯ ಕಾರ್ಡಿನಲ್ಲಿ ಆಕೆಯ ಹೆಸರು ಮೊದಲಿನಿಂದಲೂ ಇದೆ. ಅದನ್ನೇ ಹಿಡಿದು ದೊಡ್ಡಾಸ್ಪತ್ರೆಯಿಂದ ಬರೆಸಿಕೊಂಡು ಬಂದೆವು. ಸರ್ಕಾರ ತನ್ನ ಪಾಲು ಕೊಡುತ್ತದೆ, ಉಳಿದದ್ದು ನಮ್ಮದು. ಈ ದೀಪಾವಳಿಗೆ ಅಂಗಡಿಗೆ ಹೊಸ ಮಾಲು ತರಿಸುವುದಿಲ್ಲ, ಆಯಿತು. ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ ಆಪರೇಷನ್. ಸಣ್ಣಮ್ಮನ ಎದೆಗೆ ವಾಲ್ವ್ ಹೊಲಿದ ಡಾಕ್ಟರೇ.

ನಿನ್ನ,
ಕೊಟ್ರ


ಜನ್ನಾಪುರ, ಭದ್ರಾವತಿ
9 ಸೆಪ್ಟೆಂಬರ್ 2024

ಕೊಟ್ರ,

ಸಣ್ಣಮ್ಮ ಇಷ್ಟು ನಕ್ಕಳೆಂದರೆ ಎದೆಯ ಹೊಲಿಗೆ ಬಿಟ್ಟೀತೆಂದು ನಾನು ಹೆದರಿದೆ. "ಮದುವೆಯಾಗಿ ಬಂದಾಗಿಂದ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇಪ್ಪತ್ತನಾಲ್ಕಕ್ಕೆ ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ. ಬೇಡ ಅನ್ನಬೇಡ, ಅಂದರೂ ನನಗೆ ಕೇಳಿಸುವುದಿಲ್ಲ.

ಬೀರಪ್ಪ


ಗಾಂಧಿ ಬಜಾರ್, ಶಿವಮೊಗ್ಗ
6 ಅಕ್ಟೋಬರ್ 2024

ಬೀರ,

ಆಪರೇಷನ್ನಿನ ಇಡೀ ದಿನ ನೀನು ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ನಾನು ನಿನ್ನ ಕಿವಿಗೆ ಏನೋ ಕೂಗಲು ಹೋದಾಗ ನರ್ಸು "ಆಸ್ಪತ್ರೆ ಕಣ್ರೀ ಇದು!" ಎಂದು ಗದರಿ ಹೋದಳು. ಅವತ್ತು ಹೇಳಬೇಕೆಂದು ಒಳಗೇ ಇಟ್ಟುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಅತ್ತಿಗೆ ಇನ್ನೂ ಅಲ್ಲೇ ಇದ್ದಾಳೆ, ಚೇತರಿಸಿಕೊಳ್ಳುತ್ತಿದ್ದಾಳೆ. ದೀಪಾವಳಿಯೊಳಗೆ ಮನೆಗೆ ಬರುತ್ತಾಳೆ.

ಒಳಗೆ ಕರೆದುಕೊಂಡು ಹೋಗುವ ಮೊದಲು ನನಗೆ ಒಂದೇ ದಿಗಿಲು, ಲಿಂಗ. ಕಟ್ಟಿಸಿಕೊಂಡಾಗಿನಿಂದ ಆಕೆ ಮೈಯಿಂದ ಬೇರೆ ಮಾಡಿದವಳಲ್ಲ, ಎದೆಯನ್ನೇ ತೆರೆಯುವಾಗ ಕತ್ತಿನಲ್ಲಿ ಹೇಗೆ ಬಿಡುತ್ತಾರೆ? ಕೇಳಲು ಬಾಯಿ ಬರಲಿಲ್ಲ. ಗದರಿದ ಆ ನರ್ಸೇ ಬಂದು, "ಅಮ್ಮ, ಇದನ್ನ ತೆಗೆಯೋದೇನೂ ಬೇಡ, ತೋಳಿಗೆ ಕಟ್ಕೊಳ್ಳೋಣ ಆಯ್ತಾ?" ಎಂದು ತೊಳೆದ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿದಳು. ಗಂಟು ಬಿಗಿಯಾಯಿತಾ ಎಂದು ಕೂಡ ಕೇಳಿದಳು. ನೀನು ಆಗ ಟೀ ತರಲು ಹೋಗಿದ್ದೆ. ನಾನು ಗೋಡೆಗೆ ತಿರುಗಿ ಅತ್ತೆ.

ಆಮೇಲೆ ಆ ಬೆಂಚು. ನಮ್ಮ ಆಚೆ ಕೂತಿದ್ದವರು ನಮ್ಮ ಹಳೆಯ ಊರು ಆಯನೂರಿನ ಕಡೆಯ ರೈತರು, ಹಾಲಿನ ಸೊಸೈಟಿಯಲ್ಲಿ ವರ್ಷಕ್ಕಿಷ್ಟು ಕಟ್ಟಿದ ಕಾರ್ಡ್ ಅವರ ಹತ್ತಿರ. ಈಚೆ ಬ್ಯಾಂಕಿನವರು, ಅವರಿಗೆ ಕಂಪನಿಯ ಪಾಲಿಸಿ. ಎದುರಿಗೆ ತಾಯಿಯನ್ನು ಒಳಗೆ ಕಳಿಸಿದ ಒಬ್ಬ ಆಟೋದವನು, ನಿಮ್ಮ ಹಾಗೆ ಬಿಪಿಎಲ್. ನಾವು ಅರೆಬರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಣ್ಣದ ಕಾಗದ, ಎಲ್ಲರ ಕಣ್ಣೂ ಆ ಒಂದೇ ಬಾಗಿಲ ಮೇಲೆ. ಬಾಗಿಲು ತೆಗೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಬ್ಯಾಂಕಿನವರ ಅಣ್ಣನದು ಒಳ್ಳೆಯದಾಯಿತೆಂದಾಗ ಆಟೋದವನು ಅವರ ಕೈ ಹಿಡಿದುಕೊಂಡ. ನಮ್ಮ ಸರದಿ ಬಂದಾಗ ಡಾಕ್ಟರು, "ನಿಲ್ಲಿಸಿದ್ವಿ, ಹಾಕಿದ್ವಿ, ಒಂದೇ ಸಲಕ್ಕೆ ಶುರುವಾಯ್ತು" ಎಂದರು. ಇಷ್ಟೇ ಮಾತು! ನೀನು ಅವರ ತುಟಿ ನೋಡಿ ಅರ್ಥ ಮಾಡಿಕೊಂಡು, ನನಗಿಂತ ಮೊದಲೇ ನನ್ನ ಭುಜ ಹಿಡಿದೆ. ನಿನ್ನ ಕೈ ಎಷ್ಟು ಗಟ್ಟಿಯಾಗಿದೆ ಮಾರಾಯ, ಇವತ್ತಿಗೂ ನೋಯುತ್ತಿದೆ.

ಅಲ್ಲಿ ಕೂತು ನನಗೆ ಮೈ ಜುಮ್ಮೆಂದದ್ದು ಇದಕ್ಕೆ. ಆ ಎದೆ ತೆರೆದಾಗ ಎಷ್ಟು ಜನರ ಕೈ ಅದರೊಳಗಿತ್ತು! ವಾಲ್ವ್ ಮಾಡಿದವನು, ಹೊಲಿದವರು, ರಕ್ತ ಕೊಟ್ಟ ಯಾರೋ, ಒಂದು ಪಾಲು ಕೊಟ್ಟ ಊರವರು. ನೀನೂ ಕೊಟ್ಟಿದ್ದೀಯ, ಆ ಟೀಗೆ, ಆ ಬಸ್ಸಿಗೆ ಕಟ್ಟಿದ ತೆರಿಗೆಯಲ್ಲಿ. ನಾನು ಹುಟ್ಟಿದಾಗಿನಿಂದ ವ್ಯಾಪಾರ ಮಾಡಿದವನು, ಕೊಟ್ಟವನಿಗೆ ಮಾತ್ರ ಮಾಲು ಎಂದು ತಿಳಿದವನು. ಇಂಥ ವ್ಯಾಪಾರ ನಾನು ಕಂಡಿರಲಿಲ್ಲ. ಮಗನ ಪಾಲಿಸಿಯನ್ನೂ ಬಿಡಿಸುವುದಿಲ್ಲ, ಅದೂ ಹತ್ತಾರು ಜನ ಸೇರಿ ಎತ್ತುವುದೇ. ಆದರೆ ನಮ್ಮ ಅತ್ತಿಗೆಗೆ ಜಾಗವಿದ್ದದ್ದು ಊರಿನ ಲೆಕ್ಕದಲ್ಲಿ. ಅದೂ ಖಾಸಗಿಯವರ ಕಟ್ಟಡದಲ್ಲೇ ಎಂದು ನಿನ್ನನ್ನು ಸ್ವಲ್ಪ ಚುಚ್ಚಿಬಿಡುತ್ತೇನೆ, ಹೆಚ್ಚು ಹಿಗ್ಗಬೇಡ.

ನಿನ್ನ ಹಳೆಯ ಮನವಿ ಇನ್ನೂ ಇದ್ದರೆ ಕಳಿಸು. ಸಹಿ ಹಾಕುತ್ತೇನೆ.

ಕೊಟ್ರ


ಜನ್ನಾಪುರ, ಭದ್ರಾವತಿ
14 ಅಕ್ಟೋಬರ್ 2024

ಕೊಟ್ರ,

ಆ ಮನವಿಯನ್ನು ಆಗಲೇ ಒಲೆಗೆ ಹಾಕಿದೆ, ನಿನ್ನ ಮೇಲಿನ ಸಿಟ್ಟಿಗೆ. ಹೊಸದು ಬರೆಯೋಣ. ಈ ಸಲ ದೊಡ್ಡಮ್ಮ, ಅತ್ತಿಗೆ, ಅಕ್ಕ, ಎಲ್ಲರ ಹೆಸರಿಗೂ ಜಾಗ ಇರಲಿ ಎಂದೂ ಸೇರಿಸು, ಕಂಪನಿಯವರಿಗೂ ಒಂದು ಪ್ರತಿ ಹಾಕು.

ಕಾಶಮ್ಮಕ್ಕ ಮನೆಗೆ ಬಂದ ಮೇಲೆ ನನಗೊಂದು ಉಪಕಾರ ಮಾಡು. ನಿನಗೆ ಕಿವಿ ಇದೆ. ಮನೆ ಸುಮ್ಮನಿರುವಾಗ ಹತ್ತಿರ ಕೂತು ಅವಳ ಎದೆಯ ಸದ್ದು ಕೇಳು. ಅದು ಹೇಗಿದೆ ಎಂದು ನನಗೆ ಗೊತ್ತಾಗುವ ಹಾಗೆ ಹೇಳು. ಗಡಿಯಾರ ಎಂದು ಬರೆದರೆ ನಿನ್ನ ಕಾಗದವನ್ನೂ ಒಲೆಗೆ ಹಾಕುತ್ತೇನೆ.

ಬೀರ


ಗಾಂಧಿ ಬಜಾರ್, ಶಿವಮೊಗ್ಗ
4 ನವೆಂಬರ್ 2024

ಬೀರ,

ಅತ್ತಿಗೆ ಮನೆಗೆ ಬಂದಳು. ಶೀತಲ್ ದೊಡ್ಡ ಅಡುಗೆಮನೆಯ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದಳು. "ಇದೇನೇ, ಇದೂ ಹೊಸಾ ಒಲೇನಾ?" ಎಂದು ಕೇಳಿದಳು ಅತ್ತಿಗೆ. "ಒಲೆ ಹಳೇದೇ ದೊಡ್ಡತ್ತೆ, ನೀವು ಹೊಸಬ್ರು" ಎಂದಳು ಶೀತಲ್. ಅತ್ತಿಗೆ ಆ ಹಾಲು ಕುಡಿದಳು. ಹಿತ್ತಲ ಕೋಣೆಯ ಒಲೆಯನ್ನು ಪ್ರಸನ್ನ ಮಾರುವುದಕ್ಕೆ ಹೊರಟಿದ್ದ, "ಹಾಲುಕ್ಕಿಸಿದ್ದು ಮಾರ್ಬಾರ್ದು" ಎಂದು ಆಕೆ ಬಿಡಲಿಲ್ಲ. ನೀವಿಬ್ಬರೂ ಬಂದಾಗ ಅದರ ಮೇಲೆ ಎಣ್ಣೆಗಾಯಿ ಮಾಡಿಸುತ್ತಾಳಂತೆ. ಸಣ್ಣಮ್ಮನ ಪಕ್ಕ ಕೂತು ಯಾರ ಎದೆಯ ಸದ್ದು ಜೋರು ಎಂದು ನೋಡಬೇಕಂತೆ.

ಈಗ ನೀನು ಕೇಳಿದ್ದು. ಇವತ್ತು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದೆ. ಮಗು ಶಾಲೆಗೆ ಹೋಗಿತ್ತು, ಬೀದಿಯೂ ಸುಮ್ಮನಿತ್ತು. ಅತ್ತಿಗೆ ಗೋಡೆಗೆ ಒರಗಿದ್ದಳು. ನಾನು ಸಂಕೋಚದಿಂದ ದೂರ ಕೂತೆ. ಆಕೆಯೇ, "ಬಾರೋ ಹತ್ರ, ಬೀರಪ್ಪ ಕಾಯ್ತಿದ್ದಾನಲ್ಲ" ಎಂದು ನನ್ನ ತಲೆ ಹಿಡಿದು ಹೆಗಲಿಗೆ ಆನಿಸಿಕೊಂಡಳು, ಆರು ವರ್ಷದವನನ್ನು ಆನಿಸಿಕೊಳ್ಳುತ್ತಿದ್ದ ಹಾಗೆ. ಕೇಳಿಸಿತು. ತುಂಬ ಹೊತ್ತು ಕೇಳಿದೆ. ನಾನು ಅತ್ತದ್ದನ್ನು ಆಕೆ ನೋಡಿದಳು.

ಗಡಿಯಾರವಲ್ಲ ಮಾರಾಯ, ಹೇಳಿದವರೆಲ್ಲ ಸುಳ್ಳು ಹೇಳಿದ್ದಾರೆ. ಆಯನೂರು ಶಾಲೆಯಿಂದ ನಾವಿಬ್ಬರೂ ಚಡ್ಡಿಯ ಜೇಬಿನಲ್ಲಿ ಗೋಲಿ ಹಾಕಿಕೊಂಡು ಊಟಕ್ಕೆ ಮನೆಗೆ ಓಡುತ್ತಿದ್ದೆವಲ್ಲ, ಅತ್ತಿಗೆ ಬಾಗಿಲಲ್ಲಿ ನಿಂತು, "ಸದ್ದು ಕೇಳ್ತಾ ಇದೆ, ಕೈ ತೊಳ್ಕೊಳ್ಳಿ" ಎನ್ನುತ್ತಿದ್ದಳಲ್ಲ. ಓಡುವಾಗ ಜೇಬಿನೊಳಗೆ ಗೋಲಿಗೆ ಗೋಲಿ ತಾಗುತ್ತಿತ್ತು, ನೆನಪಿದೆಯಾ? ಆಗ ನಿನಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು.

ಅದೇ ಸದ್ದು.

ಕೊಟ್ರ